ಒಂದೇ ಕುಕ್ಕರ್, ಮೂರು ಥರದ ಸಸ್ಯಾಹಾರ

ನಾನು ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಶಿಫ್ಟ್ ಮುಗಿಸಿ ಕೋಲಾರದ ಮನೆ ಸೇರುವಷ್ಟರಲ್ಲಿ ಏಳು ಗಂಟೆ, ಎಂಟೂವರೆಗೆಲ್ಲಾ ಊಟ ಆಗಬೇಕು. ಊಟಕ್ಕೆ ಕೂರೋರದ್ದು ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. ಅತ್ತೆ ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟುವುದಿಲ್ಲ, ಸೋಮವಾರ ಅವರಿಗೆ ಈರುಳ್ಳಿ ಬೆಳ್ಳುಳ್ಳಿಯೂ ಬೇಡ. ನಮ್ಮ ಯಜಮಾನರಿಗೆ ಮೊಟ್ಟೆ ಇದ್ದರೆ ಖುಷಿ. ಮೈದುನ ಹಾಲು, ಮೊಸರು, ತುಪ್ಪ ಎಲ್ಲಾ ಬಿಟ್ಟಿದ್ದಾನೆ. ಒಬ್ಬೊಬ್ಬರಿಗೂ ಬೇರೆ ಅಡುಗೆ ಮಾಡುತ್ತಾ ಕೂತರೆ ಆಗುತ್ತಾ? ಅದಕ್ಕೇ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ: ಕುಕ್ಕರ್‌ನಲ್ಲಿ ಬೇಯುವುದು ಎಲ್ಲರೂ ತಿನ್ನುವಂಥದ್ದೇ ಆಗಿರಬೇಕು, ಬೇಕು ಬೇಡ ಅನ್ನುವುದೆಲ್ಲ ಒಗ್ಗರಣೆಯಲ್ಲಿ ನೋಡಿಕೊಳ್ಳಬೇಕು.

ಇದಕ್ಕೆ ನಮ್ಮ ಕಡೆಯ ಮಸೊಪ್ಪಿನಷ್ಟು ಸುಲಭವಾದ ಅಡುಗೆ ಇನ್ನೊಂದಿಲ್ಲ. ಬಸ್ ಇಳಿದು ಬರುವಾಗಲೇ ಒಂದು ಕಟ್ಟು ದಂಟಿನ ಸೊಪ್ಪು, ಸ್ವಲ್ಪ ಸಬ್ಬಸಿಗೆ ತಂದುಬಿಡುತ್ತೇನೆ. ಅರ್ಧ ಲೋಟ ತೊಗರಿಬೇಳೆ, ಹೆಚ್ಚಿದ ಸೊಪ್ಪು, ಮೂರು ನಾಟಿ ಟೊಮ್ಯಾಟೊ, ಐದಾರು ಹಸಿಮೆಣಸಿನಕಾಯಿ, ಚಿಟಿಕೆ ಅರಿಶಿನ, ಮೂರು ವಿಷಲ್. 2023ರ ಜುಲೈನಲ್ಲಿ ಟೊಮ್ಯಾಟೊ ಕೆಜಿಗೆ ನೂರು ರೂಪಾಯಿ ದಾಟಿದಾಗ ಬರೀ ಹುಣಸೆಹಣ್ಣಲ್ಲೇ ಮಾಡಿದೆವು, ಅದೂ ರುಚಿಯೇ. ಆವಿ ಇಳಿದ ಮೇಲೆ ಬೆಂದ ನೀರನ್ನು ಪೂರ್ತಿ ಬಸಿದು ಪಕ್ಕಕ್ಕಿಡಿ. ನೀರು ಇದ್ದರೆ ಕಡಗೋಲಿಗೆ ಸೊಪ್ಪು ಸಿಗುವುದಿಲ್ಲ, ಬೇಳೆ ಅತ್ತಿತ್ತ ಜಾರುತ್ತದೆ, ಮೈಮೇಲೂ ಹಾರುತ್ತದೆ. ಬಸಿದು ಉಪ್ಪು ಹಾಕಿ ಮಸೆದರೆ ಎರಡೇ ನಿಮಿಷಕ್ಕೆ ದಂಟು, ಬೇಳೆ, ಮೆಣಸಿನಕಾಯಿ ಎಲ್ಲಾ ಒಂದಾಗುತ್ತದೆ, ಅಲ್ಲಲ್ಲಿ ಸೊಪ್ಪಿನ ಎಳೆ ಮಾತ್ರ ಕಾಣುತ್ತಿರುತ್ತದೆ. ಆಮೇಲೆ ಬಸಿದ ನೀರನ್ನೇ ಬೇಕಾದಷ್ಟು ಸೇರಿಸಿ ಒಂದು ಕುದಿ. ಮಿಕ್ಸಿಗೆ ಮಾತ್ರ ಹಾಕಬೇಡಿ, ನುಣ್ಣಗಾದರೆ ಅದು ಮಸೊಪ್ಪೇ ಅಲ್ಲ.

ಇಲ್ಲಿಯವರೆಗೆ ಈರುಳ್ಳಿ, ಬೆಳ್ಳುಳ್ಳಿ, ತುಪ್ಪ ಏನೂ ಬಿದ್ದಿಲ್ಲ, ಅಲ್ವಾ? ಸೋಮವಾರ ಮೊದಲು ಎಣ್ಣೆ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಹಾಕಿ ಅತ್ತೆಯವರಿಗೆ ತೆಗೆದಿಡುತ್ತೇನೆ. ಉಳಿದದ್ದಕ್ಕೆ ಜಜ್ಜಿದ ಬೆಳ್ಳುಳ್ಳಿ ಎಣ್ಣೆಯಲ್ಲಿ ಕೆಂಪಗೆ ಹುರಿದು ಸುರಿಯುತ್ತೇನೆ. ತುಪ್ಪದ ಡಬ್ಬಿ ಊಟದ ಹತ್ತಿರವೇ ಇರುತ್ತದೆ, ಬೇಕಾದವರು ಮುದ್ದೆಗೆ ಹಾಕಿಕೊಳ್ಳುತ್ತಾರೆ. ಯಜಮಾನರ ಆಮ್ಲೆಟ್‌ಗೆ ಬೇರೆ ತವಾ, ಬೇರೆ ಮೊಗಚೋ ಕೈ. ಆ ತವಾದಲ್ಲಿ ಮಿಕ್ಕ ಎಣ್ಣೆ ಇನ್ಯಾವ ಅಡುಗೆಗೂ ಹೋಗಲ್ಲ. ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು. ಅತ್ತೆ ಏನೂ ಕೇಳದೆ ತಟ್ಟೆ ಮುಂದೆ ಕೂರುತ್ತಾರಲ್ಲ, ಆ ನಂಬಿಕೆ ದೊಡ್ಡದು.

ಮುದ್ದೆಗೆ ಎರಡು ಲೋಟ ನೀರಿಗೆ ಒಂದು ಲೋಟ ರಾಗಿ ಹಿಟ್ಟು. ಮಸೊಪ್ಪು ಕುದಿಯುವಷ್ಟರಲ್ಲಿ ಮುದ್ದೆ ಕಟ್ಟಿ ಆಗಿರುತ್ತದೆ.

ಉಪ್ಸಾರು, ಅಂದರೆ ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿಗೆ ರುಬ್ಬಿದ ಖಾರ ಕಲಸಿಕೊಳ್ಳುವ ಸಾರು, ಮಾಡುವ ದಿನ ಕೆಲಸ ಇನ್ನೂ ಕಡಿಮೆ. ಖಾರ ಮೊದಲು ಬೆಳ್ಳುಳ್ಳಿ ಇಲ್ಲದೆ ರುಬ್ಬಿ ಒಂದು ಬಟ್ಟಲು ತೆಗೆಯುವುದು, ಆಮೇಲೆ ಅದೇ ಜಾರ್‌ಗೆ ಬೆಳ್ಳುಳ್ಳಿ ಹಾಕಿ ಇನ್ನೊಂದು ಸುತ್ತು. ಅವರೆಕಾಯಿ ಕಾಲ ಬಂದರಂತೂ ಬೇರೆ ಯೋಚನೆಯೇ ಬೇಡ.

ಮನೆಯಲ್ಲಿ ಬೇಯಿಸಿದ್ದರ ಬಗ್ಗೆ ನನಗೆ ಅನುಮಾನ ಇಲ್ಲ. ತಲೆ ಕೆಡಿಸಿಕೊಳ್ಳಬೇಕಾದ್ದು ಅಂಗಡಿ ಪೊಟ್ಟಣಗಳ ಬಗ್ಗೆ. ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಮೊದಲು ಅದೂ ಕಂದು ಚುಕ್ಕೆಯೇ ಆಗಿತ್ತು, 2020ರ ನಿಯಮದಲ್ಲಿ ತ್ರಿಕೋನ ಮಾಡಿದರು. ಬಣ್ಣ ಗೊತ್ತಾಗದವರಿಗೆ ಇದು ನಿಜಕ್ಕೂ ಅನುಕೂಲ. ಸರ್ಕಾರದ ಲೆಕ್ಕದಲ್ಲಿ ಮೊಟ್ಟೆ ಮಾಂಸಾಹಾರ, ಹಾಲು ಮತ್ತು ಜೇನುತುಪ್ಪ ಸಸ್ಯಾಹಾರ. ಹಾಗಾಗಿ ಅತ್ತೆಯವರಿಗೆ ಆ ಚುಕ್ಕೆ ಸಾಕು. ಮೈದುನನಿಗೆ ಸಾಲದು, ಹಾಲಿನ ಪುಡಿ ಇರುವ ಬಿಸ್ಕತ್ತಿಗೂ ಹಸಿರು ಚುಕ್ಕೆಯೇ ಇರುತ್ತದೆ. ಅವನಿಗೆ ತರುವಾಗ ಹಿಂದೆ ಸಣ್ಣ ಅಕ್ಷರದಲ್ಲಿ ಹಾಲು ಇದೆ ಎಂದು ಬರೆದಿದೆಯಾ ನೋಡುತ್ತೇನೆ. ಪೂರ್ತಿ ವೀಗನ್, ಅಂದರೆ ಹಾಲು, ಜೇನು ಸೇರಿದಂತೆ ಪ್ರಾಣಿಗಳಿಂದ ಬರುವ ಏನೂ ಇಲ್ಲದ ತಿನಿಸಿಗೆ 2022ರ ನಿಯಮದ ಪ್ರಕಾರ ಬೇರೆಯದೇ ಹಸಿರು ಗುರುತಿದೆ.

ಮಕ್ಕಳು ಕೇಳುವ ಜೆಲ್ಲಿ ಮಿಠಾಯಿಯನ್ನಂತೂ ತಿರುಗಿಸಿ ನೋಡದೆ ಕೊಳ್ಳಬೇಡಿ. ಅದನ್ನು ಗಟ್ಟಿ ಮಾಡುವ ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುತ್ತದೆ. ಹಣ್ಣಿನಿಂದ ತೆಗೆಯುವ ಪೆಕ್ಟಿನ್ ಅಥವಾ ಕಡಲ ಪಾಚಿಯಿಂದ ತೆಗೆಯುವ ಅಗರ್ ಹಾಕಿದ್ದೂ ಸಿಗುತ್ತದೆ, ಅದನ್ನು ಧೈರ್ಯವಾಗಿ ಕೊಡಿ. ಕೆಲವು ವಿದೇಶಿ ಚೀಸ್‌ಗಳಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಪಾರ್ಮಿಜಾನೋ ರೆಜಾನೋ ಚೀಸ್ ಅಂಥದ್ದು. ಮನೆಯ ಪನೀರ್‌ಗೆ ನಿಂಬೆರಸ ಹಿಂಡಿದರೆ ಮುಗಿಯಿತು, ಅದನ್ನು ಅತ್ತೆಯೇ ಮಾಡಿಕೊಡುತ್ತಾರೆ.