ಅಮೆರಿಕದ ಸಣ್ಣ ಕ್ರಿಶ್ಚಿಯನ್ ಯೂನಿವರ್ಸಿಟಿಗೆ ಅಪ್ಲೈ ಮಾಡೋದು ಹೇಗೆ? ಫಾರ್ಮ್ ತುಂಬೋಕೆ ಮುಂಚೆ ಇದನ್ನ ಓದಿ

ಅಕ್ಕನ ಮಗ ಸೆಕೆಂಡ್ ಪಿಯುಸಿ ಓದ್ತಿದ್ದಾಗ ಅಮೆರಿಕದ ಸಣ್ಣ ಕ್ರಿಶ್ಚಿಯನ್ ಯೂನಿವರ್ಸಿಟಿಗಳಿಗೆ ಅಪ್ಲೈ ಮಾಡ್ದ, ಅಷ್ಟೂ ತಿಂಗಳು ನಾನೂ ಅವನ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೆ. ಆಮೇಲೆ ನಮ್ಮ ಚರ್ಚ್ ಸಭೆಯಲ್ಲೇ ಮೂರ್ನಾಲ್ಕು ಮನೆಯವ್ರು ಫೋನ್ ಮಾಡಿದ್ರು, ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ, ಫಾರ್ಮ್ ಎಲ್ಲಿ ಸಿಗುತ್ತೆ? ಫಾರ್ಮ್ ಆನ್‌ಲೈನಲ್ಲಿ ಐದು ನಿಮಿಷಕ್ಕೆ ಸಿಗುತ್ತೆ, ಅದು ಆಮೇಲಿನ ಮಾತು. ಮೊದಲು ನೋಡ್ಬೇಕಾದ್ದು ಮೂರು ವಿಷಯ: ಆ ಕಾಲೇಜು ನಂಬಿಕೆ ಬಗ್ಗೆ ನಿಮ್ಮಿಂದ ಏನು ಕೇಳುತ್ತೆ, ಅದಕ್ಕೆ ಮಾನ್ಯತೆ ಇದ್ಯಾ, ನಾಲ್ಕು ವರ್ಷಕ್ಕೆ ದುಡ್ಡು ಎಷ್ಟು. ನಾವು ಇದನ್ನ ಉಲ್ಟಾ ಮಾಡಿ ಎರಡು ತಿಂಗಳು ಕಳ್ಕೊಂಡ್ವಿ.

ನಂಬಿಕೆ ವಿಷಯ ಮೊದಲು ಯಾಕೆ ಅಂದ್ರೆ, ಕ್ರಿಶ್ಚಿಯನ್ ಅನ್ನೋ ಒಂದೇ ಬೋರ್ಡ್ ಕೆಳಗೆ ತುಂಬಾ ಬೇರೆ ಬೇರೆ ಥರದ ಸಂಸ್ಥೆಗಳಿವೆ. ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸಲ್ಲಿರೋ ಕ್ಯಾಲ್ವಿನ್ 1876ರಲ್ಲಿ ಶುರುವಾಗಿದ್ದು, 2019ರಲ್ಲಿ ಕಾಲೇಜಿಂದ ಯೂನಿವರ್ಸಿಟಿ ಆಯ್ತು, ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚಿಗೆ ಸೇರಿದ್ದು. ಅಲ್ಲಿ ಪಾಠ ಮಾಡೋ ಮೇಷ್ಟ್ರು ಸಭೆಯ ವಿಶ್ವಾಸ ಪ್ರಮಾಣಕ್ಕೆ ಬದ್ಧರಾಗಿರ್ಬೇಕು, ಆದ್ರೆ ಸ್ಟೂಡೆಂಟ್ ಅಂಥ ಪತ್ರಕ್ಕೆ ಸಹಿ ಹಾಕ್ಬೇಕಾಗಿಲ್ಲ, ಬೇರೆ ಧರ್ಮದ ಮಕ್ಕಳೂ ಅಪ್ಲೈ ಮಾಡ್ಬಹುದು. ಶಿಕಾಗೋ ಹತ್ರದ ವೀಟನ್ ಕಾಲೇಜು ಹಾಗಲ್ಲ, ಅಲ್ಲಿ ಸ್ಟೂಡೆಂಟ್ ಕೂಡ ಕಮ್ಯುನಿಟಿ ಕವನೆಂಟ್ ಅನ್ನೋ ಒಡಂಬಡಿಕೆ ಒಪ್ಕೋಬೇಕು. ಇಂಡಿಯಾನಾದ ಟೇಲರ್ ಯೂನಿವರ್ಸಿಟಿಯಲ್ಲೂ ಇಂಥದ್ದೇ ಇದೆ, ಅದರ ಹೆಸರು ಲೈಫ್ ಟುಗೆದರ್ ಕವನೆಂಟ್. ಇಂಥ ಒಡಂಬಡಿಕೆಗಳಲ್ಲಿ ಕುಡಿತ, ಗಂಡು ಹೆಣ್ಣಿನ ಸಂಬಂಧ, ಚಾಪೆಲ್ ಅಂದ್ರೆ ಕ್ಯಾಂಪಸ್ಸಿನ ಪ್ರಾರ್ಥನೆ, ಎಲ್ಲಾ ಬರುತ್ತೆ. ಸಿಕ್ಕಿದ್ಮೇಲೆ ನೋಡ್ಕೊಳ್ಳೋಣ ಅಂತ ಕಣ್ಮುಚ್ಚಿ ಸಹಿ ಹಾಕೋ ಪತ್ರ ಅಲ್ಲ ಅದು, ನಾಲ್ಕು ವರ್ಷ ಆ ಮಾತಿನ ಪ್ರಕಾರ ಬದುಕ್ಬೇಕಾಗಿರೋದು ನಿಮ್ಮ ಮಗಳು ಅಥವಾ ಮಗ, ಅದಕ್ಕೇ ಅವ್ರೇ ಓದ್ಲಿ, ಅರ್ಥ ಆಗದೇ ಇದ್ರೆ ಅಯ್ಯನವರ (ಸಭಾಪಾಲಕರ) ಹತ್ರ ಕೂತು ಓದ್ಲಿ. ಕ್ರೈಸ್ತರಲ್ಲದ ಮನೆಯವ್ರು ಸೀಟಿಗೋಸ್ಕರ ಇಲ್ಲದ ನಂಬಿಕೆ ಇದೆ ಅಂತ ಬರೆಯೋದಂತೂ ಬೇಡವೇ ಬೇಡ, ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೂ ತಗೊಳ್ಳೋ ಕಾಲೇಜುಗಳಿವೆ.

ಎರಡನೇದು ಮಾನ್ಯತೆ. ಹೆಸರಲ್ಲಿ ಯೂನಿವರ್ಸಿಟಿ ಇದ್ದ ಮಾತ್ರಕ್ಕೆ ಅದು ಯೂನಿವರ್ಸಿಟಿ ಆಗಲ್ಲ. ದುಡ್ಡು ಕೊಟ್ರೆ ಗೌರವ ಡಾಕ್ಟರೇಟ್ ಕೊಡೋ ಬೈಬಲ್ ಯೂನಿವರ್ಸಿಟಿಗಳ ಫ್ಲೆಕ್ಸ್ ನಮ್ಮೂರುಗಳಲ್ಲೂ ನೋಡಿರ್ತೀರಿ. ಅಮೆರಿಕದ ಶಿಕ್ಷಣ ಇಲಾಖೆ ಮಾನ್ಯತೆ ಇರೋ ಸಂಸ್ಥೆಗಳ ಪಟ್ಟಿಯನ್ನ ಆನ್‌ಲೈನಲ್ಲಿ ಇಟ್ಟಿದೆ, ಅಲ್ಲಿ ಹೆಸರು ಹುಡುಕಿ. ಕ್ಯಾಲ್ವಿನ್, ವೀಟನ್, ಟೇಲರ್ ಮೂರಕ್ಕೂ ಮಾನ್ಯತೆ ಕೊಟ್ಟಿರೋದು ಹೈಯರ್ ಲರ್ನಿಂಗ್ ಕಮಿಷನ್. ಟ್ರ್ಯಾಕ್ಸ್ ಅಂತ ಕ್ರಿಶ್ಚಿಯನ್ ಸಂಸ್ಥೆಗಳಿಗೇ ಇರೋ ಮಂಡಳಿಯೂ ಒಂದಿದೆ, ಅದನ್ನೂ ಇಲಾಖೆ ಒಪ್ಕೊಂಡಿದೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದ್ರೆ ಅಲ್ಲಿಗೇ ಬಿಟ್ಬಿಡಿ, ಏಜೆಂಟ್ ಏನೇ ಹೇಳ್ಲಿ.

ದುಡ್ಡಿನ ವಿಷಯ ಮನೆಯಲ್ಲಿ ಎಲ್ರೂ ಕೂತು ಮಾತಾಡಿ. ಟ್ಯೂಷನ್ ಫೀಸ್ ಒಂದೇ ನೋಡ್ಬೇಡಿ, ಹಾಸ್ಟೆಲ್, ಊಟ, ಹೆಲ್ತ್ ಇನ್ಶೂರೆನ್ಸ್, ಪುಸ್ತಕ, ವಿಮಾನದ ಟಿಕೆಟ್ ಎಲ್ಲಾ ಸೇರಿಸಿ ಒಂದು ವರ್ಷದ ಲೆಕ್ಕ ಹಾಕಿ ನಾಲ್ಕರಿಂದ ಗುಣಿಸಿ, ಅದ್ರ ಮೇಲೆ ವರ್ಷ ವರ್ಷ ಏರೋದು ಬೇರೆ. ಅಮೆರಿಕ ಸರ್ಕಾರದ ಸ್ಟೂಡೆಂಟ್ ಏಡ್ ನಮ್ಮ ಮಕ್ಕಳಿಗೆ ಸಿಗಲ್ಲ, ಸಿಗೋದು ಆ ಯೂನಿವರ್ಸಿಟಿಯೇ ಕೊಡೋ ಸ್ಕಾಲರ್‌ಶಿಪ್. ಅದು ವರ್ಷಕ್ಕಾ ನಾಲ್ಕು ವರ್ಷಕ್ಕಾ, ಮಾರ್ಕ್ಸ್ ಎಷ್ಟರ ಕೆಳಗೆ ಹೋದ್ರೆ ನಿಲ್ಲುತ್ತೆ ಅಂತ ಲೆಟರಲ್ಲಿ ಹುಡುಕಿ, ಇಲ್ಲಾಂದ್ರೆ ಕೇಳಿ. ಅಲ್ಲಿ ಹೋಗಿ ದುಡಿದು ಕಟ್ತೀನಿ ಅನ್ನೋ ಲೆಕ್ಕ ಬೇಡ, ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸ್ ನಡೆಯೋವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಅಷ್ಟೇ ಕೆಲಸ, ಅದ್ರಿಂದ ಕೈಖರ್ಚು ಕಳೆಯುತ್ತೆ, ಫೀಸ್ ಕಳೆಯಲ್ಲ.

ಇನ್ನು ಕಾಗದಪತ್ರ. ಅವ್ರು ಕೇಳೋದು ಒಂಬತ್ತರಿಂದ ಹನ್ನೆರಡನೇ ಕ್ಲಾಸಿನ ತನಕದ ಮಾರ್ಕ್ಸ್. ಎಸ್ಸೆಸ್ಸೆಲ್ಸಿ ಕಾರ್ಡ್ ಎಲ್ರ ಹತ್ರ ಇರುತ್ತೆ, ಒಂಬತ್ತನೇ ಕ್ಲಾಸಿಂದು ಹಳೇ ಹೈಸ್ಕೂಲಿಗೆ ಹೋಗಿ ಹೆಡ್‌ಮಾಸ್ಟರ್ ಸಹಿ ಸೀಲು ಹಾಕಿಸ್ಕೊಂಡು ತರ್ಬೇಕು, ಬೇಸಿಗೆ ರಜೆ ಶುರುವಾದ್ರೆ ಯಾರೂ ಸಿಗಲ್ಲ. ಜೊತೆಗೆ ಹೆಸರು ನೋಡ್ಕೊಳ್ಳಿ. ನಮ್ಮ ಕಡೆ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಇರುತ್ತೆ, ಪಾಸ್‌ಪೋರ್ಟಲ್ಲಿ ಅದನ್ನ ಬಿಡಿಸಿ ಬರೆದಿರ್ತಾರೆ, ಕೆಲವರದ್ದರಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇರುತ್ತೆ. ಖಾಲಿ ಇದ್ರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್, ಅಂದ್ರೆ ಹೆಸರು ಗೊತ್ತಿಲ್ಲ) ಅಂತ ಮೂರಕ್ಷರ ಬೀಳುತ್ತೆ, ಆಮೇಲೆ ಬ್ಯಾಂಕು, ಲೈಸೆನ್ಸು ಎಲ್ಲಾ ಕಡೆ ಅದೇ ಹಿಂದೆ ಬರುತ್ತೆ. ಪಾಸ್‌ಪೋರ್ಟ್ ಸರಿ ಮಾಡಿಸೋದಿದ್ರೆ ಅಪ್ಲೈ ಮಾಡೋಕೆ ಮುಂಚೆಯೇ ಮಾಡಿಸಿ.

ರೆಕಮೆಂಡೇಶನ್ ಲೆಟರಲ್ಲಿ ನಾವು ಎಡವಿದ್ವಿ. ಅವನ ಕಾಲೇಜಲ್ಲಿ ಕೊಟ್ಟಿದ್ದು ಎರಡೇ ಸಾಲು, ನಡತೆ ಉತ್ತಮವಾಗಿದೆ ಅಂತ. ಅವ್ರ ತಪ್ಪೂ ಅಲ್ಲ, ನಮ್ಮಲ್ಲಿ ಲೆಟರ್ ಅಂದ್ರೆ ಅದೇ. ಅಲ್ಲಿ ಬೇಕಾಗಿರೋದು ಈ ಹುಡುಗ ಕ್ಲಾಸಲ್ಲಿ ಏನು ಮಾಡ್ದ ಅನ್ನೋದು, ಅದಕ್ಕೆ ಪಾಠ ಮಾಡಿದ ಲೆಕ್ಚರರ್ ಒಬ್ರ ಹತ್ರ ಹೋಗಿ, ಯಾವ ಪ್ರಾಜೆಕ್ಟ್ ಮಾಡಿದ್ದ, ಯಾವಾಗ ಡೌಟ್ ಕೇಳ್ತಿದ್ದ ಅಂತ ನೆನಪು ಮಾಡಿ ಅವ್ರ ಕೈಲೇ ಬರೆಸಿ. ಕೆಲವು ಕಡೆ ಸಭಾಪಾಲಕರ ಲೆಟರೂ ಕೇಳ್ತಾರೆ. ಸಭಾಪಾಲಕರಿಗೆ ಟ್ರಾನ್ಸ್‌ಫರ್ ಆಗ್ತಿರುತ್ತಲ್ಲ, ಹೊಸಬ್ರು ಬಂದು ಎರಡು ತಿಂಗಳಾಗಿದ್ರೆ ಅವ್ರು ಏನು ತಾನೇ ಬರೀತಾರೆ, ಹಿಂದಿನ ಅಯ್ಯನವರನ್ನೇ ಕೇಳಿ. ಅವ್ರು ಕನ್ನಡದಲ್ಲಿ ಬರೆದ್ರೆ ಬರೀಲಿ, ಮನೆಯವರಲ್ಲದ ಒಬ್ರ ಹತ್ರ ಇಂಗ್ಲಿಷ್ ಮಾಡಿಸಿ ಎರಡನ್ನೂ ಕಳಿಸಬಹುದಾ ಅಂತ ಅಡ್ಮಿಷನ್ ಆಫೀಸಿಗೆ ಮೇಲ್ ಹಾಕಿ. ಒಂದು ಮಾತು ನೆನಪಿರ್ಲಿ, ಲೆಟರ್ ಹಾಕೋ ಲಿಂಕ್ ಅವ್ರ ಮೇಲ್‌ಗೇ ಹೋಗ್ಬೇಕು, ಅವ್ರ ಹೆಸರಲ್ಲಿ ನೀವೇ ಮೇಲ್ ಐಡಿ ಮಾಡಿ ಹಾಕೋದು ಸುಳ್ಳು ದಾಖಲೆ ಆಗುತ್ತೆ.

ಈಗ ಎಸ್ಸೇ. ಒಂದೇ ಅರ್ಜಿ ತುಂಬಿ ಹಲವು ಕಾಲೇಜಿಗೆ ಕಳಿಸೋ ಆನ್‌ಲೈನ್ ಫಾರ್ಮ್ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತೆ, ಅದರ ಎಸ್ಸೇ 650 ಪದ ಮೀರೋ ಹಾಗಿಲ್ಲ. ಇವನು ಮೊದಲು ಬರೆದಿದ್ದರಲ್ಲಿ ಮೂರು ಬೈಬಲ್ ವಚನ, ಬಾಲ್ಯದಿಂದಲೂ ಸೇವೆಯ ಹಂಬಲ, ಸಮಾಜಕ್ಕೆ ಬೆಳಕು, ಎಲ್ಲಾ ಇತ್ತು, ಅವನೊಬ್ಬನೇ ಇರ್ಲಿಲ್ಲ. ನಾನು ಅದನ್ನ ಪಕ್ಕಕ್ಕಿಟ್ಟು, ಹೋದ ತಿಂಗಳು ಚರ್ಚಲ್ಲಿ ಏನು ಮಾಡ್ದೆ ಹೇಳೋ ಅಂದೆ. ಬೆಳೆ ಹಬ್ಬದ ಹರಾಜಿಗೆ ಲೆಕ್ಕ ಬರ್ಕೊಂಡೆ ಚಿಕ್ಕಮ್ಮ, ಒಂದೇ ಕುಂಬಳಕಾಯಿ ಮೂರು ಸಲ ಹರಾಜಾಯ್ತು ಅಂದ. ಕೂಗಿದವ್ರು ದುಡ್ಡು ಕೊಟ್ಟು ಕಾಯಿನ ಮತ್ತೆ ಸಭೆಗೇ ಬಿಡೋದು ನಮ್ಮಲ್ಲಿ ರೂಢಿ. ಸಾಯಂಕಾಲ ಎಣಿಸಿದ್ರೆ ನಲವತ್ತು ರೂಪಾಯಿ ಕಮ್ಮಿ, ಜೇಬಿಂದ ಹಾಕಿ ಮುಚ್ಚಿಬಿಡ್ಲಾ ಅಂತ ಯೋಚನೆ ಮಾಡಿ, ಕೊನೆಗೆ ಖಜಾಂಚಿಯವ್ರಿಗೆ ಹೇಳ್ದನಂತೆ, ಅವ್ರು ಬೈಲಿಲ್ಲ, ಪಕ್ಕದಲ್ಲಿ ಕೂರಿಸ್ಕೊಂಡು ಸಾಲು ಸಾಲಾಗಿ ಮತ್ತೆ ಕೂಡಿಸಿದ್ರಂತೆ. ಅದನ್ನೇ ಬರಿ ಅಂದೆ. ಬರೆದ. ಒಂದು ವಚನಾನೂ ಇರ್ಲಿಲ್ಲ ಅದ್ರಲ್ಲಿ. ಆಮೇಲೆ ಒಂದು ಅಡ್ಮಿಷನ್ ಆಫೀಸಿಂದ ಬಂದ ಮೇಲಲ್ಲಿ ಕುಂಬಳಕಾಯಿ ಕೊನೆಗೆ ಯಾರ ಮನೆಗೆ ಹೋಯ್ತು ಅಂತ ಕೇಳಿದ್ರು! ಕೆಲವೇ ಸಾವಿರ ಮಕ್ಕಳಿರೋ ಜಾಗ, ಅಲ್ಲಿ ಕೂತು ಓದೋರು ನಿಜವಾಗ್ಲೂ ಓದ್ತಾರೆ, ಅದಕ್ಕೇ ಕೋಚಿಂಗಲ್ಲಿ ಕೊಟ್ಟ ಎಸ್ಸೇನೋ, ಎಐ ಬರೆದಿದ್ದನ್ನೋ ಕಳಿಸ್ಬೇಡಿ.

ಇಂಗ್ಲಿಷ್ ಟೆಸ್ಟಿಗೆ ಟೋಫೆಲ್, ಐಇಎಲ್‌ಟಿಎಸ್ ಜೊತೆ ಡ್ಯುಯೊಲಿಂಗೊ ಕೂಡ ತುಂಬಾ ಕಡೆ ನಡೆಯುತ್ತೆ, ಅದನ್ನ ಮನೆಯಲ್ಲೇ ಬರೀಬಹುದು. ಅಪ್ಲಿಕೇಶನ್ ಫೀಸ್ ಎಷ್ಟೋ ಕಡೆ ಇರಲ್ಲ, ಇದ್ರೂ ಕೇಳಿದ್ರೆ ಕೆಲವು ಕಡೆ ಬಿಡ್ತಾರೆ, ಕೇಳೋಕೆ ನಾಚ್ಕೋಬೇಡಿ.

ಸೀಟ್ ಸಿಕ್ತು ಅಂದ್ಮೇಲೆ ಒಂದು ವರ್ಷದ ಖರ್ಚಿಗೆ ದುಡ್ಡಿದೆ ಅಂತ ತೋರಿಸ್ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಎಫ್‌ಡಿ, ಸಾಲ ಮಂಜೂರಾದ ಪತ್ರ ನಡೆಯುತ್ತೆ, ಜಮೀನಿನ ಪಹಣಿ ಸಾಮಾನ್ಯವಾಗಿ ನಡೆಯಲ್ಲ. ಅದಾದ್ಮೇಲೆ ಯೂನಿವರ್ಸಿಟಿಯಿಂದ ಐ-20 ಅನ್ನೋ, ಸ್ಟೂಡೆಂಟ್ ವೀಸಾಗೆ ಬೇಕಾದ ಪತ್ರ ಬರುತ್ತೆ. ಆಮೇಲೆ ಸೆವಿಸ್ (ವಿದೇಶಿ ಸ್ಟೂಡೆಂಟ್‌ಗಳ ದಾಖಲೆ ಇಡೋ ಅಮೆರಿಕ ಸರ್ಕಾರದ ವ್ಯವಸ್ಥೆ) ಫೀಸ್ 350 ಡಾಲರ್, ವೀಸಾ ಅರ್ಜಿ ಫೀಸ್ 185 ಡಾಲರ್, ಬೇರೆ ಹೊಸ ಫೀಸ್ ಏನಾದ್ರೂ ಸೇರಿದ್ಯಾ ಅಂತ ಕಟ್ಟೋ ದಿನ ಒಂದ್ಸಲ ನೋಡಿ. ಬೆಂಗಳೂರಲ್ಲಿ 2025ರ ಜನವರಿಯಲ್ಲಿ ಕಾನ್ಸುಲೇಟ್ ಉದ್ಘಾಟನೆ ಆದಾಗ ವೀಸಾ ಕೆಲಸ ಶುರುವಾಗಿರ್ಲಿಲ್ಲ, ನಾವು ಚೆನ್ನೈಗೇ ಹೋಗಿದ್ದು. ವೀಸಾ ಇಂಟರ್‌ವ್ಯೂನಲ್ಲಿ ಯಾಕೆ ಈ ಕಾಲೇಜು ಅಂತ ಕೇಳಿದ್ರೆ ಏಜೆಂಟ್ ಬಾಯಿಪಾಠ ಮಾಡಿಸಿದ್ದನ್ನ ಒಪ್ಪಿಸ್ಬೇಡಿ, ಇಷ್ಟು ದಿನ ಓದಿ ನೋಡಿ ಆರಿಸಿದ್ದೀರಿ, ಆ ಕಾರಣಾನೇ ಹೇಳಿ. ಕ್ಲಾಸ್ ಶುರುವಾಗೋಕೆ 30 ದಿನಕ್ಕಿಂತ ಮುಂಚೆ ದೇಶದೊಳಗೆ ಬಿಡಲ್ಲ, ಟಿಕೆಟ್ ಬುಕ್ ಮಾಡೋವಾಗ ಆ ತಾರೀಖು ನೋಡ್ಕೊಳ್ಳಿ, ಮತ್ತೆ ಐ-20 ಮೇಲೆ ಸ್ಟೂಡೆಂಟ್ ಸಹಿ ಹಾಕಿ ಅದನ್ನ ಹ್ಯಾಂಡ್ ಬ್ಯಾಗಲ್ಲೇ ಇಡಿ, ಅಕ್ಕ ಜೋಪಾನ ಅಂತ ದೊಡ್ಡ ಸೂಟ್‌ಕೇಸಲ್ಲಿ ಸೀರೆ ಮಧ್ಯೆ ಇಟ್ಟಿದ್ಲು, ಏರ್‌ಪೋರ್ಟ್ ಬಾಗಿಲಲ್ಲಿ ಬಿಚ್ಚಿ ತೆಗೆದ್ವಿ.