ಕಲ್ಲುಗೋಡೆಯ ಮನೆಗೆ ಕಡಿಮೆ ಖರ್ಚಿನಲ್ಲಿ ವೈಫೈ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸೈಜುಗಲ್ಲಿನ ದಪ್ಪ ಗೋಡೆಗಳ ಮನೆಗಳು ಇಂದಿಗೂ ಬೇಕಾದಷ್ಟಿವೆ. ನಡುಮನೆಯಲ್ಲಿ ಚೆನ್ನಾಗಿ ಸಿಗುವ ವೈಫೈ ಅಂತಹ ಒಂದು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ, ಎರಡನೆಯದನ್ನು ದಾಟುವುದೇ ಕಷ್ಟ. ಹೀಗಾದಾಗ ಹೆಚ್ಚಿನವರು ಅಂಗಡಿಗೆ ಹೋಗಿ ರಿಪೀಟರ್, ಅಂದರೆ ರೂಟರ್‌ನ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುವ ಪೆಟ್ಟಿಗೆ, ಕೊಂಡು ತರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಕಟ್ಟಕಡೆಯ ಉಪಾಯವಾಗಬೇಕು.

ಮೊದಲು, ದೋಷ ವೈಫೈಯದೋ ಅಥವಾ ಹೊರಗಿನಿಂದ ಬರುವ ಸಂಪರ್ಕದ್ದೋ ಎಂಬುದನ್ನು ತಿಳಿದುಕೊಳ್ಳಬೇಕು. ರೂಟರ್‌ನಿಂದ ಐದಾರು ಅಡಿ ದೂರದಲ್ಲಿ ನಿಂತು ಮೊಬೈಲಿನಲ್ಲಿ ವೇಗ ಪರೀಕ್ಷಿಸಿ. ಅಲ್ಲಿಯೂ ನಿಧಾನವಾಗಿದ್ದು, ಲ್ಯಾಪ್‌ಟಾಪಿಗೆ ನೇರವಾಗಿ ತಂತಿ ಹಾಕಿದರೂ ಅದೇ ವೇಗ ಬಂದರೆ ಸಂಪರ್ಕ ಕೊಟ್ಟವರಿಗೇ ದೂರು ಕೊಡಬೇಕು. ಅಲ್ಲಿ ಸರಿಯಿದ್ದರೆ, ಆಂಡ್ರಾಯ್ಡ್ ಫೋನಿನಲ್ಲಿ ಸಿಗುವ ಯಾವುದಾದರೂ ಉಚಿತ ವೈಫೈ ಅನಲೈಜರ್ ಆ್ಯಪ್ ಹಿಡಿದು ಕೋಣೆ ಕೋಣೆಗೂ ಹೋಗಿ ಸಿಗ್ನಲ್ ಬರೆದುಕೊಳ್ಳಿ. ಸಿಗ್ನಲಿನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು: ಮೈನಸ್ 50 ಡಿಬಿಎಂ ಬಹಳ ಒಳ್ಳೆಯದು, ಮೈನಸ್ 67ರ ತನಕ ವಿಡಿಯೊ ಕರೆಗೆ ತೊಂದರೆಯಿಲ್ಲ, ಮೈನಸ್ 80ರ ಹತ್ತಿರ ಬಂದರೆ ಆನ್‌ಲೈನ್ ಪಾಠ ತಡವರಿಸುವುದು ಖಚಿತ.

ಖರ್ಚೇ ಇಲ್ಲದ ಸುಧಾರಣೆಯೆಂದರೆ ಜಾಗ ಬದಲಾಯಿಸುವುದು. ತಂತಿ ಒಳಬರುವ ಕಡೆಯೇ ಕೆಲಸ ಬೇಗ ಮುಗಿಯುತ್ತದೆಂದು ಕೇಬಲ್‌ನವರು ಪೆಟ್ಟಿಗೆಯನ್ನು ಬೀದಿ ಬಾಗಿಲ ಪಕ್ಕದಲ್ಲಿ ಕೂರಿಸಿ ಹೋಗುತ್ತಾರೆ. ಸಿಗ್ನಲಿನ ದೊಡ್ಡ ಪಾಲು ಬೀದಿಗೆ ಹೋಗುತ್ತದೆ. ಫೈಬರ್ ಎಳೆಯನ್ನು ನಾವೇ ಕತ್ತರಿಸಿ ಜೋಡಿಸಲು ಆಗುವುದಿಲ್ಲವಾದ್ದರಿಂದ, ಸಂಪರ್ಕ ಹಾಕಿಸುವ ದಿನವೇ ಮನೆಯ ಮಧ್ಯದವರೆಗೆ ಎಳೆಯಲು ಕೇಳಿಕೊಳ್ಳಬೇಕು. ಐದಾರು ಅಡಿ ಎತ್ತರದ ತೆರೆದ ಶೆಲ್ಫ್ ಸೂಕ್ತ. ಕಲ್ಲಿಗಿಂತ ಮರದ ಬಾಗಿಲನ್ನು ಸಿಗ್ನಲ್ ಸುಲಭವಾಗಿ ದಾಟುವುದರಿಂದ, ಬಾಗಿಲುಗಳ ನೇರಕ್ಕೆ ರೂಟರ್ ಇರುವಂತೆ ನೋಡಿಕೊಳ್ಳಿ. ಕಬ್ಬಿಣದ ಬೀರು, ಫ್ರಿಜ್ಜು, ಟಿವಿಯ ಹಿಂಬದಿ ಇವೆಲ್ಲ ಕೆಟ್ಟ ಜಾಗಗಳು. ನೀರೂ ಸಿಗ್ನಲನ್ನು ಹೀರುತ್ತದೆ; ನೀರು ದಿನಬಿಟ್ಟು ದಿನ ಬರುವ ನಮ್ಮ ಊರುಗಳಲ್ಲಿ ಒಳಗೆ ತುಂಬಿಸಿಟ್ಟ ಡ್ರಮ್ಮುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನೆಟ್ಟಗೆ ನಿಂತ ಆಂಟೆನಾ ಸುತ್ತಲೂ ಅಡ್ಡಡ್ಡವಾಗಿ ಹರಡುತ್ತದೆಯೇ ಹೊರತು ಮೇಲಕ್ಕಲ್ಲ. ಮಹಡಿಗೆ ಬೇಕಿದ್ದರೆ ಒಂದನ್ನು ಮಲಗಿಸಿ ನೋಡಿ.

ಇನ್ನು ಸೆಟ್ಟಿಂಗ್. ರೂಟರ್‌ನ ತಳದ ಚೀಟಿಯಲ್ಲಿರುವ ವಿಳಾಸವನ್ನು, ಸಾಮಾನ್ಯವಾಗಿ 192.168.1.1, ಬ್ರೌಸರಿನಲ್ಲಿ ಹಾಕಿದರೆ ಸೆಟ್ಟಿಂಗ್ ಪುಟ ತೆರೆಯುತ್ತದೆ. ವೈಫೈ ಬ್ಯಾಂಡ್‌ಗಳಲ್ಲಿ, ಅಂದರೆ ತರಂಗಪಟ್ಟಿಗಳಲ್ಲಿ, 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆಗೆ ಬೇಗ ಸೋಲುತ್ತದೆ. ದೂರದ ಕೋಣೆಗೆ 2.4 ಗಿಗಾಹರ್ಟ್ಸ್ ಬಳಸಿ. ತುಮಕೂರಿನ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತಲಂತೆ ಬಾಡಿಗೆ ಮನೆಗಳು ಒತ್ತಾಗಿರುವ ಕಡೆ 2.4ರಲ್ಲಿ ಅಕ್ಕಪಕ್ಕದವರ ಸಿಗ್ನಲ್‌ಗಳು ಡಿಕ್ಕಿ ಹೊಡೆಯುತ್ತವೆ. ಆದ್ದರಿಂದ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ, 1, 6, 11ನೇ ಚಾನೆಲ್‌ಗಳಲ್ಲಿ ಖಾಲಿಯಿರುವುದನ್ನು ಆರಿಸಬೇಕು.

ಇಷ್ಟಾದರೂ ಒಳಕೋಣೆ ಸೋತರೆ ಹಳೆಯ ರೂಟರ್ ಒಂದನ್ನು ಹುಡುಕಿ. ಅಟ್ಟದ ಮೇಲೆ ಇಲ್ಲದಿದ್ದರೆ ನೆಂಟರ ಮನೆಯಲ್ಲಾದರೂ ಇರುತ್ತದೆ. ಅದನ್ನು ರೀಸೆಟ್ ಮಾಡಿ, ಕಂಪ್ಯೂಟರಿಗೆ ಜೋಡಿಸಿ, ಮೊದಲು ಡಿಎಚ್‌ಸಿಪಿ (ಫೋನು, ಕಂಪ್ಯೂಟರುಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ; ಇಲ್ಲವಾದರೆ ಎರಡೂ ರೂಟರ್‌ಗಳು ವಿಳಾಸ ಹಂಚಲು ಹೊರಟು ಇಡೀ ಮನೆಯ ಇಂಟರ್ನೆಟ್ ಗೊಂದಲಕ್ಕೆ ಬೀಳುತ್ತದೆ. ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ, ವೈಫೈ ಹೆಸರು ಮತ್ತು ಪಾಸ್‌ವರ್ಡ್ ಮುಖ್ಯ ರೂಟರ್‌ನದ್ದೇ ಇಡಿ, ಚಾನೆಲ್ ಮಾತ್ರ ಬೇರೆ ಇರಲಿ. ಆಮೇಲೆ ಮುಖ್ಯ ರೂಟರ್‌ನ ಲ್ಯಾನ್ (ಮನೆಯೊಳಗಿನ ಸಾಧನಗಳಿಗೆ) ಕಿಂಡಿಯಿಂದ ಹಳೆಯದರ ಲ್ಯಾನ್ ಕಿಂಡಿಗೇ ತಂತಿ ಹಾಕಿ, ವ್ಯಾನ್ (ಹೊರಗಿನ ಸಂಪರ್ಕಕ್ಕೆ) ಕಿಂಡಿಗೆ ಅಲ್ಲ. ಕ್ಯಾಟ್ 5ಇ ಎಂಬ ಬಗೆಯ ನೆಟ್‌ವರ್ಕ್ ತಂತಿ 100 ಮೀಟರ್‌ವರೆಗೆ ನಡೆಯುತ್ತದೆ. ಕೊಳ್ಳುವಾಗ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ, ಪೂರ್ಣ ತಾಮ್ರದ್ದೇ ಕೇಳಿ. ಕಲ್ಲು ಕೊರೆಸುವ ಖರ್ಚು ಬೇಡ, ಟಿವಿ ಕೇಬಲ್ಲಿನ ಹಳೆಯ ತೂತು ಅಥವಾ ಕಿಟಕಿಯ ಮೂಲೆ ಸಾಕು. ತಾರಸಿಯ ಮೇಲೆ ಎಳೆಯುವುದನ್ನು ಮಾತ್ರ ತಪ್ಪಿಸಿ. ಗುಡುಗು ಸಿಡಿಲಿನ ಮಳೆಯಲ್ಲಿ ಅದು ಎರಡೂ ರೂಟರ್‌ಗಳಿಗೆ ಅಪಾಯ.

ತಂತಿ ಎಳೆಯಲು ದಾರಿಯೇ ಇಲ್ಲದ ಬಾಡಿಗೆ ಮನೆಗಷ್ಟೇ ರಿಪೀಟರ್ ಸರಿ. ಅಗ್ಗದ ಒಂದೇ ಬ್ಯಾಂಡಿನ ರಿಪೀಟರ್ ಅದೇ ಚಾನೆಲ್‌ನಲ್ಲಿ ಕೇಳಿ ಅದರಲ್ಲೇ ಮರಳಿ ಹೇಳಬೇಕಾದ್ದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನು ಸಿಕ್ಕಿಸಿದರೆ ಹಂಚಲು ಅದರ ಕೈಯಲ್ಲಿ ಏನೂ ಇರುವುದಿಲ್ಲ. ಆ್ಯಪ್ ಮೈನಸ್ 65ರ ಆಸುಪಾಸು ತೋರಿಸುವ ನಡುದಾರಿಯ ಪ್ಲಗ್ಗಿನಲ್ಲಿ, ಬಾಗಿಲಿಗೆ ಎದುರಾಗಿ ಇಡಿ.