ಘಾಟಿ ಏರುವ ಟರ್ಬೊ ಕಾರಿಗೆ ಯಾವ ಆಯಿಲ್?

ಕೊಡಗಿನ ತೋಟದ ಮನೆಗಳ ಶೆಡ್ಡುಗಳಲ್ಲಿ ಈಗ ಜೀಪಿನ ಪಕ್ಕದಲ್ಲಿ ಇನ್ನೊಂದು ಜಾತಿಯ ಗಾಡಿ ನಿಂತಿರುತ್ತದೆ. ಪೋಲೊ ಜಿಟಿ, ವರ್ಟಸ್ ಜಿಟಿ, ಐ20 ಎನ್ ಲೈನ್, ಅನುಕೂಲಸ್ಥರ ಮನೆಯಲ್ಲಿ ಆಕ್ಟೇವಿಯಾ ಆರ್‌ಎಸ್ ಅಥವಾ ಬಿಎಂಡಬ್ಲ್ಯು ಎಂ340ಐ. ಕೊಯ್ಲು ಮುಗಿದ ಗದ್ದೆಯಲ್ಲಿ ಆಟೋಕ್ರಾಸ್ ಓಡಿಸುವ, ಕಾಫಿ ತೋಟಗಳ ನಡುವೆ ರಾಷ್ಟ್ರೀಯ ರ‍್ಯಾಲಿಯ ಸುತ್ತುಗಳನ್ನು ಕಂಡಿರುವ ಜಿಲ್ಲೆಯಲ್ಲಿ ಇದೇನೂ ಆಶ್ಚರ್ಯವಲ್ಲ. ಆದರೆ ಆಯಿಲ್ ಬದಲಿಸುವ ಮಾತು ಬಂದರೆ ಸಿಗುವ ಸಲಹೆ ಎರಡೇ: “ಎಲ್ಲಕ್ಕಿಂತ ದುಬಾರಿಯದ್ದು ಹಾಕಿ ಬಿಡಿ ಸಾರ್” ಅಥವಾ “ಘಾಟಿ ರಸ್ತೆ ಅಲ್ವಾ, ಸ್ವಲ್ಪ ದಪ್ಪದ್ದೇ ಇರ‍್ಲಿ”. ಮೊದಲನೆಯದರಲ್ಲಿ ಹುರುಳಿಲ್ಲ. ಎರಡನೆಯದರಲ್ಲಿ ಅರ್ಧ ಹುರುಳಿದೆ.

ಇಲ್ಲಿ ಎಂಜಿನ್ ಆಯಿಲಿನ ಶತ್ರು ಚಳಿಯಲ್ಲ, ಹೈವೇ ವೇಗವೂ ಅಲ್ಲ. ಒಂದು, ಭಾರ ಹೊತ್ತು ನಿಧಾನಕ್ಕೆ ಏರುವ ರಸ್ತೆ. ಇನ್ನೊಂದು, ಮಳೆಗಾಲದಲ್ಲಿ ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂದು ಎಂಜಿನ್ ಪೂರ್ತಿ ಕಾಯುವ ಮೊದಲೇ ನಿಂತುಬಿಡುವ ಗಿಡ್ಡ ಓಡಾಟ. ಇವೆರಡನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆಯ್ಕೆ ಅಷ್ಟು ಕಷ್ಟವಲ್ಲ.

ಹಂತ 1: ಅಂಗಡಿಗೆ ಹೋಗುವ ಮೊದಲು ಪುಸ್ತಕ

ಕಾರಿನ ಜೊತೆ ಬಂದ ಓನರ್ಸ್ ಮ್ಯಾನ್ಯುಯಲ್ ತೆಗೆಯಿರಿ. ಅದರಲ್ಲಿ ಎರಡು ವಿಷಯ ಹುಡುಕಿ: ದಪ್ಪದ ಅಂಕಿ ಮತ್ತು ಕಾರು ಕಂಪನಿಯ ಅನುಮೋದನೆಯ ಸಂಕೇತ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ. ನಿಜಕ್ಕೂ ಮುಖ್ಯವಾದದ್ದು ಎರಡನೆಯದು. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಿಗೆ ವಿಡಬ್ಲ್ಯು 502 00, 504 00, 508 00 ಎಂಬಂಥವು, ಬಿಎಂಡಬ್ಲ್ಯುಗೆ ಲಾಂಗ್‌ಲೈಫ್-01, ಲಾಂಗ್‌ಲೈಫ್-04, ಮರ್ಸಿಡಿಸ್‌ಗೆ 229.5, ಪೋರ್ಷೆಗೆ ಎ40. ಒಂದೊಂದು ಸಂಕೇತದ ಹಿಂದೆಯೂ ಆ ಕಂಪನಿ ತನ್ನದೇ ಎಂಜಿನ್‌ಗಳಲ್ಲಿ ನಡೆಸಿದ ಸವೆತದ, ಕೊಳೆಯ, ಶಾಖದ ಪರೀಕ್ಷೆಗಳಿರುತ್ತವೆ.

ಎಲ್ಲವೂ ಒಂದಕ್ಕೊಂದು ಬದಲಿಯಲ್ಲ ಎಂಬುದನ್ನೂ ಗಮನಿಸಿ. 508 00 ಎಂಬುದು 0ಡಬ್ಲ್ಯು-20 ದಪ್ಪದ ತೆಳು ಆಯಿಲ್; ಅದಕ್ಕೆಂದೇ ಮಾಡಿದ ಹೊಸ ಎಂಜಿನ್‌ಗಳಿಗೆ ಮಾತ್ರ. 502 00 ಅಥವಾ 504 00 ಕೇಳುವ ಹಳೆಯ ಟಿಎಸ್‌ಐಗೆ (ಫೋಕ್ಸ್‌ವ್ಯಾಗನ್ ಗುಂಪಿನ ಟರ್ಬೊ ಪೆಟ್ರೋಲ್ ಎಂಜಿನ್) “ಹೊಸದಲ್ವಾ, ಇನ್ನೂ ಚೆನ್ನಾಗಿರುತ್ತೆ” ಎಂದು ಸುರಿಯಬೇಡಿ. ಒಂದೇ ಎಂಜಿನ್ನಿಗೆ ಯುರೋಪಿನ ಪುಸ್ತಕ ಒಂದು ಹೇಳಬಹುದು, ಭಾರತದ ಪುಸ್ತಕ ಇನ್ನೊಂದು. ನಿಮ್ಮ ಕೈಲಿರುವುದನ್ನು ನಂಬಿ, ವಿದೇಶಿ ವಿಡಿಯೋ ನೋಡಿ ನಿರ್ಧರಿಸಬೇಡಿ.

ಹಂತ 2: ಎರಡು ಅಂಕಿಗಳಲ್ಲಿ ನಮಗೆ ಬೇಕಾದದ್ದು ಯಾವುದು?

5ಡಬ್ಲ್ಯು-30ರಲ್ಲಿ ಮೊದಲ ಅಂಕಿ ಕೊರೆಯುವ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಅಳತೆ. 5ಡಬ್ಲ್ಯು ಆಯಿಲನ್ನು ಸ್ಟಾರ್ಟ್ ಆಗುವ ಮಟ್ಟಿಗೆ ಪರೀಕ್ಷಿಸುವುದು ಮೈನಸ್ 30 ಡಿಗ್ರಿಯಲ್ಲಿ, 0ಡಬ್ಲ್ಯುವನ್ನು ಮೈನಸ್ 35ರಲ್ಲಿ, 10ಡಬ್ಲ್ಯುವನ್ನು ಮೈನಸ್ 25ರಲ್ಲಿ. ಮಡಿಕೇರಿಯ ಡಿಸೆಂಬರ್ ಬೆಳಗು ಹತ್ತು ಡಿಗ್ರಿಯ ಆಸುಪಾಸಿಗೆ ಇಳಿದರೆ ನಾವು ಸ್ವೆಟರ್ ಹುಡುಕುತ್ತೇವೆ. ಆಯಿಲಿಗೆ ಅದು ಚಳಿಯೇ ಅಲ್ಲ. “ನಮ್ಮಲ್ಲಿ ಚಳಿ ಜಾಸ್ತಿ, ಅದಕ್ಕೆ 0ಡಬ್ಲ್ಯುವೇ ಬೇಕು” ಎಂಬ ಕಾರಣಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಪುಸ್ತಕ 0ಡಬ್ಲ್ಯು ಕೇಳಿದ್ದರೆ ಅದು ಬೇರೆ ಮಾತು.

ಎರಡನೇ ಅಂಕಿ ನೂರು ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂಬುದು. ಘಾಟಿಗೆ ಸಂಬಂಧಿಸಿದ್ದು ಇದೇ, ಆದರೆ ಇದೂ ಪೂರ್ತಿ ಕಥೆ ಹೇಳುವುದಿಲ್ಲ. ಬೇರಿಂಗಿನ ಸಂದಿಯಲ್ಲಿ, ಪಿಸ್ಟನ್ ರಿಂಗಿನ ಅಂಚಿನಲ್ಲಿ ಆಯಿಲ್ ಇನ್ನೂ ಹೆಚ್ಚು ಬಿಸಿಯಾಗಿ, ಅರೆಯಲ್ಪಡುತ್ತಿರುತ್ತದೆ. ಅಲ್ಲಿ ಎಷ್ಟು ತಡೆಯುತ್ತದೆ ಎಂದು ತಿಳಿಯಲು 150 ಡಿಗ್ರಿಯಲ್ಲಿ ಮಾಡುವ ಪರೀಕ್ಷೆಯೊಂದಿದೆ. ಅದರ ಹೆಸರು ಎಚ್‌ಟಿಎಚ್‌ಎಸ್. ಅದರ ಅಂಕಿ ಹೆಚ್ಚಿದಷ್ಟೂ ಆಯಿಲ್ ಶಾಖಕ್ಕೆ ಗಟ್ಟಿ. ಎರಡನೇ ಅಂಕಿ 20 ಇರುವ ಆಯಿಲಿಗೆ ಅದು ಕನಿಷ್ಠ 2.6, 30ಕ್ಕೆ 2.9, 5ಡಬ್ಲ್ಯು-40ಕ್ಕೆ 3.5 ಇರಬೇಕು.

ಮೋಸ ಹೋಗುವುದು ಇಲ್ಲೇ. ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟ ಎರಡು ಡಬ್ಬಿಗಳ ಮೇಲೂ 5ಡಬ್ಲ್ಯು-30 ಎಂದೇ ಬರೆದಿರಬಹುದು. ಒಂದು ಮೈಲೇಜ್ ಉಳಿಸಲೆಂದು ಮಾಡಿದ್ದು, 2.9ರ ಆಸುಪಾಸಿನದ್ದು. ಇನ್ನೊಂದು ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಗೊತ್ತುಮಾಡಿದ ಸಿ3 ದರ್ಜೆ ಅಥವಾ ವಿಡಬ್ಲ್ಯು 504 00 ಪಡೆದದ್ದು, ಅದಕ್ಕೆ 3.5 ಇರಲೇಬೇಕು. ಸಂಪಾಜೆಯಿಂದ ಮಡಿಕೇರಿಗೆ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಮುಂದೆ ಮರಳಿನ ಲಾರಿ: ಹೆಚ್ಚುಕಡಿಮೆ ಸಾವಿರ ಮೀಟರ್ ಏರಿಕೆಯನ್ನು ಎರಡು-ಮೂರನೇ ಗೇರಿನಲ್ಲಿ ಮುಗಿಸುವಾಗ ಎರಡೂ ಡಬ್ಬಿಗಳ ಆಯಿಲ್ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಲಾರಿಯ ಹಿಂದೆ ಗಾಳಿಯೂ ಕಡಿಮೆ, ಬೂಸ್ಟೂ (ಟರ್ಬೊ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡ) ಬಿಟ್ಟೂ ಬಿಟ್ಟೂ ಬರುತ್ತಿರುತ್ತದೆ. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ 12ರಷ್ಟು ಕಡಿಮೆ ಇರುವುದರಿಂದ ಅಷ್ಟೇ ಬೂಸ್ಟ್ ಕೊಡಲು ಟರ್ಬೊ ಇನ್ನಷ್ಟು ಜೋರಾಗಿ ತಿರುಗಬೇಕು. ಸಣ್ಣ ಟರ್ಬೊಗಳು ನಿಮಿಷಕ್ಕೆ ಎರಡು ಲಕ್ಷ ಸುತ್ತು ದಾಟುವುದೂ ಉಂಟು. ಆ ಶಾಫ್ಟ್ ತೇಲುತ್ತಿರುವುದು ಆಯಿಲಿನ ತೆಳು ಪದರದ ಮೇಲೆ.

ಹಾಗಾದರೆ ದಪ್ಪದ್ದೇ ಹಾಕೋಣವೇ? ಪುಸ್ತಕದಲ್ಲಿ 5ಡಬ್ಲ್ಯು-30, 5ಡಬ್ಲ್ಯು-40 ಎರಡನ್ನೂ ಒಪ್ಪಿದ್ದರೆ ಘಾಟಿಯಲ್ಲೇ ಬದುಕುವವರಿಗೆ ನನ್ನ ಮತ 40ಕ್ಕೆ. ಪುಸ್ತಕ ಒಪ್ಪದಿದ್ದರೆ ಬೇಡ. ಇಂದಿನ ಎಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ ಬದಲಿಸುವ ಸಾಧನವೂ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. ಅಂದಾಜಿಗೆ ದಪ್ಪ ಮಾಡಿದರೆ ಅದರ ಲೆಕ್ಕ ತಪ್ಪುತ್ತದೆ. 10ಡಬ್ಲ್ಯು-60 ಎಂಬುದನ್ನು ಬಿಎಂಡಬ್ಲ್ಯು ಕೆಲವು ಎಂ ಎಂಜಿನ್‌ಗಳಿಗೆಂದು ಹೇಳಿತ್ತು. ಡಬ್ಬಿ ಗಮ್ಮತ್ತಾಗಿ ಕಾಣುತ್ತದೆ ಎಂದು ಒಂದು ಲೀಟರಿನ ಮೂರು ಸಿಲಿಂಡರ್ ಕಾರಿಗೆ ಅದನ್ನು ಹಾಕುವವರಿದ್ದಾರೆ, ಏನು ಹೇಳೋಣ!

ಹಂತ 3: ಡಬ್ಬಿಯ ಹಿಂಭಾಗ

ಮುಂಭಾಗದಲ್ಲಿ ರೇಸ್ ಕಾರಿನ ಚಿತ್ರ, ಹಿಂಭಾಗದಲ್ಲಿ ಸತ್ಯ. ಅನುಮೋದನೆಯ ಸಂಕೇತದ ಪಕ್ಕ ಯಾವ ಪದವಿದೆ ನೋಡಿ. ‘ಅಪ್ರೂವ್ಡ್’ ಅಥವಾ ‘ಅಪ್ರೂವಲ್’ ಎಂದಿದ್ದರೆ ಕಾರು ಕಂಪನಿ ಒಪ್ಪಿದೆ. ‘ಮೀಟ್ಸ್’, ‘ಸೂಟಬಲ್ ಫಾರ್’, ‘ರೆಕಮೆಂಡೆಡ್ ಫಾರ್’ ಎಂದಿದ್ದರೆ ಅದು ಆಯಿಲ್ ಕಂಪನಿಯ ಸ್ವಂತ ಮಾತು. ಆ ಮಾತು ಸುಳ್ಳೆಂದಲ್ಲ. ವಾರಂಟಿಯ ತಕರಾರು ಬಂದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಆಮೇಲೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐನ ದರ್ಜೆ. ಟರ್ಬೊ ಪೆಟ್ರೋಲ್ ಕಾರಿಗೆ ಎಸ್‌ಪಿ ಅಥವಾ ಅದರ ನಂತರದ ಎಸ್‌ಕ್ಯೂ ಇರಲಿ. 2020ರಲ್ಲಿ ಬಂದ ಎಸ್‌ಪಿಯಲ್ಲಿ ಎಲ್‌ಎಸ್‌ಪಿಐ ಎಂಬ ಕಾಟದ ವಿರುದ್ಧ ಪರೀಕ್ಷೆ ಇದೆ. ಕಡಿಮೆ ಸುತ್ತಿನಲ್ಲಿ ಹೆಚ್ಚು ಭಾರ ಎಳೆಯುವಾಗ, ಸ್ಪಾರ್ಕ್ ಬರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ ಒಡೆಯುವಷ್ಟು ಹೊಡೆತ ಕೊಡುವುದೇ ಅದು. ಸಿಲಿಂಡರಿಗೆ ನೇರ ಪೆಟ್ರೋಲ್ ಸಿಂಪಡಿಸುವ ಟರ್ಬೊ ಎಂಜಿನ್‌ಗಳ ಸಮಸ್ಯೆ. ಆಯಿಲಿನಲ್ಲಿ ಕ್ಯಾಲ್ಸಿಯಂ ಆಧಾರಿತ ಶುಚಿಕಾರಕ ಹೆಚ್ಚಿದ್ದರೆ ಇದಕ್ಕೆ ಕುಮ್ಮಕ್ಕು ಎಂದು ಗೊತ್ತಾದ ಮೇಲೆ, ಅದರ ಒಂದಷ್ಟು ಪಾಲನ್ನು ಮೆಗ್ನೀಸಿಯಂಗೆ ಬದಲಿಸಿದರು. ನಮ್ಮ ಘಾಟಿಯಲ್ಲಿ ಐದನೇ ಗೇರಿನಲ್ಲೇ 1,500 ಸುತ್ತಿಗೆ ಬಿಟ್ಟು ಆಕ್ಸಿಲರೇಟರ್ ಒತ್ತಿ ಎಳೆಸುವ ಅಭ್ಯಾಸ ಬಹಳ ಮಂದಿಗಿದೆ, ಮೈಲೇಜ್ ಬರುತ್ತದೆ ಎಂದು. ಎಂಥ ಆಯಿಲ್ ಹಾಕಿದರೂ ಆ ಅಭ್ಯಾಸ ಬಿಡಿ. ಗೇರ್ ಇಳಿಸಿ, ಎಂಜಿನ್ನನ್ನು 2,500ರ ಮೇಲೆ ತಿರುಗಲು ಬಿಡಿ.

ಇದೇ ಕಾರಣಕ್ಕೆ ಶೆಡ್ಡಿನಲ್ಲಿರುವ ಟ್ರ್ಯಾಕ್ಟರ್, ಪಿಕಪ್‌ನ 15ಡಬ್ಲ್ಯು-40 ಡೀಸೆಲ್ ಆಯಿಲನ್ನು ಈ ಕಾರುಗಳಿಗೆ ‘ಸ್ವಲ್ಪ ಕಡಿಮೆ ಇದೆ’ ಎಂದು ತುಂಬುವುದೂ ಬೇಡ. ಮಾಕುಟ್ಟದ ಕಾಡಿನ ನಡುವೆ ಆಯಿಲಿನ ಕೆಂಪು ದೀಪ ಹತ್ತಿ ಬೇರೇನೂ ಸಿಗದಿದ್ದರೆ, ಗಾಡಿ ನಿಲ್ಲಿಸಿ, ಲೆವೆಲ್ ನೋಡಿ, ಕಡಿಮೆಯಿದ್ದರೆ ಅದನ್ನೇ ಅರ್ಧ ಲೀಟರ್ ಹಾಕಿ, ದೀಪ ಆರಿದರೆ ಮಾತ್ರ ಊರು ಸೇರಿ. ಆಮೇಲೆ ಪೂರ್ತಿ ಬದಲಿಸಿ. ಒಣ ಎಂಜಿನ್ನಿಗಿಂತ ತಪ್ಪು ಆಯಿಲ್ ವಾಸಿ.

ಎಸಿಇಎ ದರ್ಜೆಗಳಲ್ಲಿ ಎ3/ಬಿ4 ಮತ್ತು ಸಿ3 ಎರಡೂ ಶಾಖಕ್ಕೆ ಗಟ್ಟಿ. ಸಿ3ಯಲ್ಲಿ ಉರಿದ ಮೇಲೆ ಉಳಿಯುವ ಬೂದಿ ಶೇ 0.8ರ ಒಳಗಿರಬೇಕು, ಹೊಗೆಯ ಕೊಳವೆಯಲ್ಲಿ ಕಣ ಹಿಡಿಯುವ ಫಿಲ್ಟರ್ ಇರುವ ಕಾರಿಗೆ ಇದು ಬೇಕು.

ಹಂತ 4: ‘ಫುಲ್ಲಿ ಸಿಂಥೆಟಿಕ್’ ಎಂಬ ಮುದ್ರೆ

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕಚ್ಚಾತೈಲವನ್ನೇ ಆಳವಾಗಿ ಸಂಸ್ಕರಿಸಿದ ಗ್ರೂಪ್ 3 ಮೂಲದ್ದಕ್ಕೂ, ಅಣು ಜೋಡಿಸಿ ತಯಾರಿಸಿದ ಪಿಎಒ ಮೂಲದ್ದಕ್ಕೂ, ಎಸ್ಟರ್ ಎಂಬ ರಾಸಾಯನಿಕ ಬೆರೆಸಿದ್ದಕ್ಕೂ ಮಾರುಕಟ್ಟೆಯಲ್ಲಿ ಅದೇ ಮುದ್ರೆ ಸಿಗುತ್ತದೆ. ಪಿಎಒ, ಎಸ್ಟರ್ ಶಾಖದಲ್ಲಿ ಮೇಲು ನಿಜ. ಆದರೆ ನಿಮ್ಮ ಕಾರಿನ ಅನುಮೋದನೆ ಪಡೆದ ಗ್ರೂಪ್ 3 ಆಯಿಲ್, ಅನುಮೋದನೆಯಿಲ್ಲದ ಎಸ್ಟರ್ ಆಯಿಲಿಗಿಂತ ರಸ್ತೆಯ ಕಾರಿಗೆ ಒಳ್ಳೆಯದು. ಹೋಲಿಸಲೇಬೇಕೆಂದರೆ ಕಂಪನಿಯ ಡೇಟಾ ಶೀಟಿನಲ್ಲಿ ‘ನೋಆಕ್’ ಅಂಕಿ ನೋಡಿ. 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ಶೇಕಡ ಎಷ್ಟು ಆವಿಯಾಯಿತು ಎಂಬುದು ಅದು. ಸಿ3ಗೆ 13 ಮಿತಿ. ಹತ್ತರ ಕೆಳಗಿದ್ದರೆ ಉತ್ತಮ. ಆವಿ ಕಡಿಮೆಯಾದಷ್ಟೂ ಇನ್‌ಟೇಕ್ ವಾಲ್ವಿನ ಮೇಲೆ ಕರಿ ಕಟ್ಟುವುದು ಕಡಿಮೆ.

ರೇಸಿಂಗ್ ಆಯಿಲ್ ಎಂದು ಮಾರುವುದರಲ್ಲಿ ಸವೆತ ತಡೆಯುವ ಸತು-ರಂಜಕ ಸಾಮಾನ್ಯವಾಗಿ ಹೆಚ್ಚು, ಕೊಳೆ ತೊಳೆಯುವ ಅಂಶ ಕಡಿಮೆ. ಒಂದು ರ‍್ಯಾಲಿ ಮುಗಿದ ಕೂಡಲೇ ಬಸಿದು ಬಿಡುವವರಿಗೆ ಅದು ಸರಿ. ವರ್ಷವಿಡೀ ಓಡುವ ಕಾರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ರಂಜಕ ವಿಷ.

ರೀಮ್ಯಾಪ್ ಮಾಡಿಸಿದವರು, ಅಂದರೆ ಎಂಜಿನ್ನಿನ ಕಂಪ್ಯೂಟರ್ ತಿದ್ದಿಸಿ ಶಕ್ತಿ ಹೆಚ್ಚಿಸಿಕೊಂಡವರು, ಆಯಿಲಿನ ಶಾಖ ತೋರಿಸುವ ಮೀಟರ್ ಇದ್ದರೆ ಅದನ್ನು ನೋಡುವ ರೂಢಿ ಮಾಡಿಕೊಳ್ಳಿ. 90ರಿಂದ 110 ಡಿಗ್ರಿ ಸಹಜ. ಏರಿನಲ್ಲಿ 130 ದಾಟಿ ಅಲ್ಲೇ ನಿಲ್ಲುತ್ತಿದ್ದರೆ ಆಗ ಪುಸ್ತಕ ಒಪ್ಪುವ ಅತಿ ದಪ್ಪದ ಆಯಿಲ್, ಆಗಲೂ ಇಳಿಯದಿದ್ದರೆ ಆಯಿಲ್ ಕೂಲರ್.

ಹಂತ 5: ಕೊಳ್ಳುವುದು, ಹಾಕುವುದು, ಅಳೆಯುವುದು

ನಕಲಿ ಡಬ್ಬಿಗಳ ಹಾವಳಿ ಇರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲಿ, ಸೀಲ್ ಹಾಗೂ ಬ್ಯಾಚ್ ನಂಬರ್ ನೋಡಿ ತೆಗೆದುಕೊಳ್ಳಿ. ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲೇ ಬಿಟ್ಟು ಬರುವ ಮೊದಲು ಅದಕ್ಕೊಂದು ತೂತು ಹೊಡೆಯಿರಿ. ಫಿಲ್ಟರ್, ಡ್ರೈನ್ ಬೋಲ್ಟಿನ ವಾಷರ್ ಎರಡೂ ಪ್ರತಿ ಸಲ ಹೊಸದು. ಉಳಿದ ಆಯಿಲನ್ನು ಮುಚ್ಚಳ ಬಿಗಿದು ಮನೆಯ ಒಳಗಿಡಿ. ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಜುಲೈನಲ್ಲಿ ಶೆಡ್ ಸರಿಯಾದ ಜಾಗವಲ್ಲ.

ಡಿಪ್‌ಸ್ಟಿಕ್ ನೋಡಲು ಸಮತಟ್ಟು ನೆಲ ಬೇಕು, ಕೊಡಗಿನಲ್ಲಿ ಅದೇ ಅಪರೂಪ. ಮನೆಯಂಗಳ ಇಳಿಜಾರಾದರೆ ಕಾಫಿ ಒಣಗಿಸುವ ಕಣ ಒಳ್ಳೆಯ ಜಾಗ, ಆದರೆ ಮನೆಯ ಹಿರಿಯರನ್ನು ಕೇಳಿ ಹೋಗಿ. ಬಿಸಿ ಎಂಜಿನ್ ಆರಿಸಿ ಐದು-ಹತ್ತು ನಿಮಿಷ ಬಿಟ್ಟು ನೋಡಿ. ಆಟೋಕ್ರಾಸ್‌ಗೆ ಇಳಿಯುವವರು ಮಟ್ಟವನ್ನು ಮೇಲಿನ ಗೆರೆಯ ಹತ್ತಿರವೇ ಇಡಿ. ತಿರುವಿನಲ್ಲಿ ಎಂಜಿನ್ ತಳದ ತೊಟ್ಟಿಯ (ಸಂಪ್) ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯುವ ಅಪಾಯವಿದೆ. ಗೆರೆ ದಾಟಿಸಬೇಡಿ, ಕ್ರ್ಯಾಂಕ್ ಕಡೆದು ನೊರೆ ಏಳುತ್ತದೆ.

ಹಂತ 6: ಯಾವಾಗ ಬದಲಿಸಬೇಕು?

ಸರ್ವಿಸ್ ಪುಸ್ತಕ 15,000 ಕಿ.ಮೀ. ಅಥವಾ ಒಂದು ವರ್ಷ ಎಂದರೆ, ಅದೇ ಪುಸ್ತಕದ ಸಣ್ಣ ಅಕ್ಷರಗಳಲ್ಲಿ ‘ಕಠಿಣ ಬಳಕೆ’ ಎಂಬ ಷರತ್ತು ಇರುತ್ತದೆ. ಬೆಟ್ಟದ ದಾರಿ, ಗಿಡ್ಡ ಓಡಾಟ, ತೇವ: ನಾವು ಮೂರಕ್ಕೂ ಸಲ್ಲುತ್ತೇವೆ. ಟರ್ಬೊ ಕಾರಿಗೆ 7,500 ಕಿ.ಮೀ. ಆಸುಪಾಸಿನಲ್ಲಿ ಬದಲಿಸುವುದು ಲೇಸು.

ಕಿಲೋಮೀಟರಿಗಿಂತಲೂ ಮಳೆಗಾಲದ ಲೆಕ್ಕ ದೊಡ್ಡದು. ತಣ್ಣಗಿನ ಎಂಜಿನ್ನಿನಲ್ಲಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಜೊತೆಗೆ ನೀರಾವಿ. ಪೆಟ್ರೋಲಿನಲ್ಲಿ ಈಗ ಶೇ 20ರಷ್ಟು ಎಥನಾಲ್ ಇದೆ, ಅದು ತಣ್ಣಗಿರುವಾಗ ಆವಿಯಾಗುವುದು ಕಷ್ಟ. ಆಯಿಲ್ ತುಂಬುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥ ಬಿಳಿ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿಯಾಗಬೇಡಿ. ಕೂಲಂಟ್ ಕಡಿಮೆಯಾಗಿದೆಯೇ ನೋಡಿ. ಇಲ್ಲವೆಂದರೆ ಬಹುಶಃ ಮಳೆಗಾಲದ ತೇವ. ವಾರಕ್ಕೊಮ್ಮೆ ಕುಶಾಲನಗರದ ಕಡೆಗೋ ಹುಣಸೂರಿನ ಕಡೆಗೋ ಅರ್ಧ ಗಂಟೆ ಒಂದೇ ಸಮನೆ ಓಡಿಸಿ. ಕೂಲಂಟಿನ ಮುಳ್ಳು ನಡುವೆ ಬಂದ ಮೇಲೂ ಆಯಿಲ್ ಕಾಯಲು ಇನ್ನಷ್ಟು ಹೊತ್ತು ಬೇಕು, ಅದಕ್ಕೂ ಮೊದಲು ಜೋರು ಮಾಡಬೇಡಿ.

ವರ್ಷಕ್ಕೆ ಒಂದೇ ಸಲ ಬದಲಿಸುವವರು ಮಳೆಗೆ ಮುಂಚೆ ಬದಲಿಸಿ ಆ ಹೊಸ ಆಯಿಲನ್ನು ತೇವಕ್ಕೆ ಒಪ್ಪಿಸುತ್ತಾರೆ. ತಿರುಗಾಮುರುಗಾ ಮಾಡಿ ನೋಡಿ: ಆಯುಧಪೂಜೆ, ತುಲಾ ಸಂಕ್ರಮಣದ ಹೊತ್ತಿಗೆ, ಕೆಟ್ಟ ಆಯಿಲ್ ಹೊರಗೆ ಹೋಗಲಿ, ಹೊಸದು ಒಣ ದಿನಗಳ ಓಟಕ್ಕೆ ಸಿಗಲಿ. ಹೇಗೂ ಗಾಡಿ ತೊಳೆದು ಹೂ ಏರಿಸುವ ಕಾಲ ಅದು. ಎರಡು ಸಲ ಬದಲಿಸುವಷ್ಟು ಓಡುವ ಕಾರಾದರೆ ಇನ್ನೊಂದು ಸಲ ಏಪ್ರಿಲ್‌ನಲ್ಲಿ.

ಬಸಿದ ಆಯಿಲನ್ನು ಬೇಲಿ ಕಂಬಕ್ಕೆ ಗೆದ್ದಲಿನ ಮದ್ದೆಂದು ಬಳಿಯುವ ಪದ್ಧತಿ ತೋಟಗಳಲ್ಲಿ ಇನ್ನೂ ಇದೆ. ಅದರಲ್ಲಿ ಲೋಹದ ಕಣಗಳೂ ಅರೆಬೆಂದ ಇಂಧನದ ವಿಷಗಳೂ ಇರುತ್ತವೆ, ಮೊದಲ ಮಳೆಗೇ ತೋಡಿಗೆ ಇಳಿಯುತ್ತವೆ. ಹಳೇ ಡಬ್ಬಿಗೆ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿಗೆ ಕೊಟ್ಟುಬಿಡಿ.